ಬಲಗಡೆಯ ಕಾಲಂನ ಮಕ್ಕಳು

ನೆರಳು ಕಟ್ಟಿದ ನೂರಾ ನಲವತ್ತೊಂದನೆಯ ವರ್ಷ,
ಹದಿನಾಲ್ಕನೆಯ ತಿಂಗಳ ಒಂಬತ್ತನೆಯ ದಿನ

ದಾಕ್ಷಾಯಣಿ ಹೂಗಾರ ಹಾಗೂ ಅವಳ ಜೊತೆ ಓದಿದ ಹದಿಮೂರು ಹುಡುಗಿಯರಿಗೆ,
ಶಿಕ್ಷಕಿಯರ ತರಬೇತಿ ಸಂಸ್ಥೆ, ಎರಡನೆಯ ವರ್ಷ, 2009–10

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಿಮಗೆ ಹನ್ನೆರಡು ತಿಂಗಳು ಸಾಕಾಗಿದ್ದವು. ನಮ್ಮ ಹಿರಿಯರು ಬೇಸಿಗೆಯನ್ನು ಸಣ್ಣ ಸಣ್ಣದಾಗಿ ಒಡೆದರೆ ತಡೆದುಕೊಳ್ಳುವುದು ಸುಲಭವಾದೀತೆಂದು ಹದಿನಾಲ್ಕು ಮಾಡಿದರು. ನಿಮಗೂ ನನಗೂ ನಡುವೆ ಇನ್ನೂರ ಅರವತ್ತು ವರ್ಷಗಳಿವೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಬರೆಯುವ ಕನ್ನಡವನ್ನು ನಾನು ಕಲಿತದ್ದು ನಿಮ್ಮ ರೆಕಾರ್ಡ್ ಪುಸ್ತಕಗಳಿಂದಲೇ, ಹಾಗಾಗಿ ತಪ್ಪಿನಲ್ಲಿ ಅರ್ಧ ಪಾಲು ನಿಮ್ಮದು. ನಾನು ಕ್ಷಮೆ ಕೇಳುವುದು ಇಷ್ಟಕ್ಕೇ. ಮುಂದಿನದ್ದಕ್ಕೆ ನೀವೇ ಕೇಳಬೇಕು.

ನನ್ನ ಹೆಸರು ಈರಕ್ಕ. ನೆರಳೂರಿನಲ್ಲಿ ಹುಡುಗಿಯರಿಗೆ ಪಾಠ ಮಾಡುವುದನ್ನು ಕಲಿಸುತ್ತೇನೆ. ನೆರಳೂರು ಅಂದರೆ ಊರಿಗೆ ಊರೇ ಒಂದು ಹೊಲಿದ ಚಪ್ಪರದ ಕೆಳಗೆ ಇರುವ ಊರು. ಸೂರ್ಯ ಹುಟ್ಟುವ ಮೊದಲೇ ಹೊರಗೆ ಹೋಗಿ ಜೋಳಕ್ಕೆ ನೀರು ಹಾಯಿಸಿ ಬರುತ್ತೇವೆ. ನಡುಹಗಲಿನ ಐದು ತಾಸಿಗೆ ಮುಚ್ಚುಹೊತ್ತು ಎನ್ನುತ್ತೇವೆ. ಆಗ ಯಾರೂ ಚಪ್ಪರ ದಾಟುವಂತಿಲ್ಲ, ರೊಟ್ಟಿ ತಿಂದು ಮಲಗಬೇಕು ಇಲ್ಲವೇ ಕೂತು ಜಗಳ ಆಡಬೇಕು. ನಾಲ್ಕು ತಲೆಮಾರು ನಮ್ಮಲ್ಲಿ ಶಾಲೆ ಎಂಬುದೇ ಇರಲಿಲ್ಲ. ಪ್ರತಿ ಮಗುವಿನ ಕಿವಿಯಲ್ಲೂ ಎಳ್ಳಿನಷ್ಟು ಸಣ್ಣದೊಂದು ಯಂತ್ರ ಕೂರಿಸುತ್ತಿದ್ದರು, ಅದಕ್ಕೆ ಕಿವಿಗುರು ಎಂದು ಹೆಸರು. ನಾನೂ ಹಾಗೇ ಕಲಿತವಳು. ಲೆಕ್ಕ ಬಂತು, ನಕ್ಷತ್ರಗಳ ಹೆಸರು ಬಂತು. ಎದುರು ಕೂತವರ ಮಾತು ಮುಗಿಯುವವರೆಗೆ ಸುಮ್ಮನಿರುವುದು ಮಾತ್ರ ಬರಲಿಲ್ಲ. ಒಮ್ಮೆ ನೀರಿನ ಸರದಿ ಗೊತ್ತುಮಾಡಲು ಸೇರಿದ ಸಭೆಯಲ್ಲಿ ಇನ್ನೂರು ಜನ ಒಟ್ಟಿಗೇ ಮಾತಾಡಿ, ಯಾರದ್ದನ್ನೂ ಯಾರೂ ಕೇಳದೆ ಎದ್ದುಹೋದರು. ಆ ಬೇಸಿಗೆಯಲ್ಲಿ ಅರ್ಧ ಜೋಳ ಒಣಗಿತು. ಆಮೇಲೆ ಹಿರಿಯರ ಸಭೆಯವರು, ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸಿ ನೋಡೋಣ ಎಂದರು. ಮೂರು ಊರು, ಮೂರು ಶಾಲೆ, ಶಾಲೆಗೊಬ್ಬ ಶಿಕ್ಷಕಿ, ಒಂದು ವರ್ಷದ ಗಡುವು. ಆಗದಿದ್ದರೆ ಮತ್ತೆ ಕಿವಿಗುರುವೇ ಗತಿ.

ಕೋಣೆ ತುಂಬ ಮಕ್ಕಳನ್ನು ಇಟ್ಟುಕೊಂಡು ಪಾಠ ಮಾಡುವುದು ಹೇಗೆಂದು ಬಲ್ಲವರು ಒಬ್ಬರೂ ಬದುಕಿರಲಿಲ್ಲ. ನಿಮ್ಮ ಕಾಲದ ವಿಡಿಯೊಗಳು ಈಗ ತೆರೆಯುವುದಿಲ್ಲ. ಉಳಿದದ್ದು ಹಳೆಯ ಕಟ್ಟಡವೊಂದರ ಅಟ್ಟದ ಮೇಲೆ ನನಗೆ ಸಿಕ್ಕ ತಗಡಿನ ಟ್ರಂಕು. ಅದರಲ್ಲಿ ನಿಮ್ಮ ಹದಿನಾಲ್ಕು ರೆಕಾರ್ಡ್ ಪುಸ್ತಕಗಳು, ಮಡಿಸಿಟ್ಟ ಒಂದು ಕಪ್ಪೆಯ ಚಾರ್ಟು, ಒಂದು ಫೋಟೊ. ಫೋಟೊದ ಹಿಂದೆ "ಬೀಳ್ಕೊಡುಗೆ" ಎಂದು ಬರೆದಿದೆ. ಹದಿನಾಲ್ಕೂ ಜನ ಒಂದೇ ಬಣ್ಣದ ಸೀರೆ ಉಟ್ಟಿದ್ದೀರಿ, ಕನಕಾಂಬರ ಮುಡಿದಿದ್ದೀರಿ, ಹೊಸ ಸೀರೆಯ ನೆರಿಗೆ ಯಾರ ಮಾತನ್ನೂ ಕೇಳುತ್ತಿಲ್ಲ. ಎರಡನೆಯ ಸಾಲಿನಲ್ಲಿ ಒಬ್ಬಳು ಕಣ್ಣು ಮುಚ್ಚಿದ್ದಾಳೆ. ಪಕ್ಕದವಳಿಗೆ ಅದು ಗೊತ್ತಾಗಿ ನಗು ತಡೆಯಲಾಗುತ್ತಿಲ್ಲ. ಪುಸ್ತಕಗಳಿಂದಲೂ ನಿಮ್ಮ ಗುರುತು ಹಿಡಿಯುತ್ತಿದ್ದೆ. ಶಂಶಾದ್ ನದಾಫ್ ಎಂಬವಳು ಬರೆದ ಎಲೆಯ ಚಿತ್ರದಲ್ಲಿ ಒಂದೊಂದು ನರವೂ ಕಾಣುತ್ತದೆ. ದಾಕ್ಷಾಯಣಿ, ನೀನು ಪ್ರತಿ ಪಾಠದ ಕೊನೆಗೆ ಒಂದು ಪುಟ್ಟ ಹೂವು ಬರೆಯುತ್ತಿದ್ದೆ, ಅವಸರದಲ್ಲಿದ್ದ ದಿನ ಬರೀ ಮೊಗ್ಗು. ನನಗೆ ಒಡಹುಟ್ಟಿದವರಿಲ್ಲ. ನೀವೇ ನನ್ನ ಅಕ್ಕಂದಿರು ಎಂದುಕೊಂಡಿದ್ದೆ.

ಪ್ರತಿ ಪಾಠಕ್ಕೂ ಎರಡು ಕಾಲಂ. ಎಡಗಡೆ ಶಿಕ್ಷಕಿಯ ಪ್ರಶ್ನೆ, ಬಲಗಡೆ ಮಕ್ಕಳ ಉತ್ತರ. "ಗಿಡವು ನೀರನ್ನು ಯಾವುದರಿಂದ ಹೀರಿಕೊಳ್ಳುತ್ತದೆ?" ಎಂದು ಎಡಗಡೆ. "ಗಿಡವು ನೀರನ್ನು ಬೇರಿನಿಂದ ಹೀರಿಕೊಳ್ಳುತ್ತದೆ" ಎಂದು ಬಲಗಡೆ, ಅದರ ಕೆಳಗೆ "ಒಕ್ಕೊರಲ ಉತ್ತರ" ಎಂದು ಕೆಂಪು ಶಾಯಿಯಲ್ಲಿ. ಪಾಠ ಮುಗಿದ ಮೇಲೆ, ನಡೆದದ್ದನ್ನು ನಡೆದ ಹಾಗೆ ಬರೆದಿಟ್ಟಿದ್ದೀರಿ ಎಂದು ನಾನು ನಂಬಿದೆ. ಐನೂರ ಅರವತ್ತು ಪಾಠಗಳಲ್ಲಿ ಒಂದು ಮಗುವೂ ತಪ್ಪು ಹೇಳಿರಲಿಲ್ಲ. ಒಂದಕ್ಕೂ ಬಾಯಾರಿಕೆ ಆಗಿರಲಿಲ್ಲ. ನಾನೆಂಥ ಬೆಪ್ಪಿ ಎಂದರೆ, ಎಂಥ ಮಕ್ಕಳು, ಎಂಥ ಶಿಕ್ಷಕಿಯರು ಎಂದು ಕಣ್ಣೊರೆಸಿಕೊಂಡೆ.

ಇನ್ನು ನನ್ನ ಹುಡುಗಿಯರ ಮಾತು. ಮೂವರೇ. ಮುಗಿಲವ್ವ ಚಪ್ಪರ ಹೊಲಿಯುವವರ ಮಗಳು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕಾದಷ್ಟು ಎತ್ತರ. ಅವಳು ಕರಿಹಲಗೆಯ ಮೇಲೆ ಬರೆದ ಸಾಲು ಮೇಲಮೇಲಕ್ಕೇ ಏರುತ್ತಿತ್ತು. ಕೊನೆಯ ಪದ ಓದಲು ಏಣಿ ತರಿಸಬೇಕು ಎಂದು ನಾವು ಅವಳನ್ನು ಕಾಡುತ್ತಿದ್ದೆವು. ಸೈದಮ್ಮನ ಕೈಗೆ ಏನು ಕೊಟ್ಟರೂ ಪಾಠೋಪಕರಣವಾಗುತ್ತಿತ್ತು. ಜೋಳದ ದಂಟಿನ ಬೆಂಡಿನಿಂದ ಅವಳು ಕಪ್ಪೆ ಮಾಡಿದಳು. ಕಪ್ಪೆಯನ್ನು ನಮ್ಮಲ್ಲಿ ಯಾರೂ ಕಂಡವರಲ್ಲ, ನಿಮ್ಮ ಚಾರ್ಟಿನ ಅಳತೆಗೇ ಮಾಡಿದ್ದರಿಂದ ಅದು ಕುರಿಮರಿಯಷ್ಟು ದೊಡ್ಡದಾಯಿತು. ಅದಕ್ಕೆ ಹಗ್ಗ ಕಟ್ಟಿ ಊರೆಲ್ಲ ತಿರುಗಿಸಿದಳು. ಮೂರನೆಯವಳು ಹೊನ್ನಿ. ಸಣ್ಣ ಮೈ, ಸಣ್ಣ ದನಿ, ಹಟ ಮಾತ್ರ ದೊಡ್ಡದು. ಹದಿನಾಲ್ಕೂ ಪುಸ್ತಕಗಳನ್ನು ತನ್ನ ಕೈಯಾರೆ ನಕಲು ಮಾಡಿಕೊಂಡಳು, ಪ್ರತಿ ಪಾಠದ ಕೆಳಗಿನ ಮಾರ್ಗದರ್ಶಕರ ಸಹಿಯನ್ನೂ ಬಿಡಲಿಲ್ಲ. ರೊಟ್ಟಿ ಬಡಿಯುತ್ತ ಬಲಗಡೆಯ ಉತ್ತರಗಳನ್ನು ಬಾಯಿಪಾಠ ಹೇಳುತ್ತಿದ್ದಳು. ಮೂವರಲ್ಲಿ ನನಗೆ ಹೆಚ್ಚು ಯಾರು ಎಂದು ಯಾರಾದರೂ ಕೇಳಿದರೆ, ಎಲ್ಲರೂ ಒಂದೇ ಎನ್ನುತ್ತಿದ್ದೆ. ಸುಳ್ಳು. ಹೊನ್ನಿಯೇ ಹೆಚ್ಚು.

ಅಭ್ಯಾಸಕ್ಕೆ ಮಕ್ಕಳು ಇರಲಿಲ್ಲವಾದ್ದರಿಂದ ಒಬ್ಬಳು ಪಾಠ ಮಾಡುವಾಗ ಉಳಿದಿಬ್ಬರು ಮಕ್ಕಳಾಗಿ ಕೂರುತ್ತಿದ್ದರು, ನಿಮ್ಮ ಬಲಗಡೆಯ ಕಾಲಂ ನೋಡಿ ಒಕ್ಕೊರಲಿನಿಂದ ಉತ್ತರ ಹೇಳುತ್ತಿದ್ದರು. ಒಂದು ದಿನ ಮುಗಿಲವ್ವ, "ಅಕ್ಕೋರ, ಆ ಹುಡುಗ್ರು ಒಮ್ಮೆರ ಗೊತ್ತಿಲ್ಲ ಅಂದಿಲ್ಲಲ್ರಿ?" ಎಂದಳು. ನಿಮ್ಮ ಮೇಲೆ ಸಂಶಯಪಟ್ಟಳೆಂದು ನನಗೆ ಸಿಟ್ಟು ನೆತ್ತಿಗೇರಿತು. ಅವಳನ್ನು ಮುಚ್ಚುಹೊತ್ತೆಲ್ಲ ನಿಲ್ಲಿಸಿದೆ.

ಅವರ ಬೀಳ್ಕೊಡುಗೆಯ ದಿನ ಮೂವರಿಗೂ ನಿಮ್ಮ ಫೋಟೊದಲ್ಲಿದ್ದಂಥದೇ ಬಣ್ಣ ಹಾಕಿಸಿದ ಸೀರೆ ಉಡಿಸಿದೆ. ಕನಕಾಂಬರ ಸಿಗದೆ ಕುಸುಬೆಯ ಹೂವು ಮುಡಿದರು. ಫೋಟೊ ತೆಗೆಯುವುದು ನಮ್ಮಲ್ಲಿ ನಿಂತುಹೋಗಿದೆ, ಒಬ್ಬ ಅಜ್ಜ ಮಸಿಯಲ್ಲಿ ಚಿತ್ರ ಬರೆದ. ಒಬ್ಬಳು ಕಣ್ಣು ಮುಚ್ಚಿ ನಿಲ್ಲುವುದು ಶಿಕ್ಷಕಿಯರ ಪದ್ಧತಿ ಇರಬೇಕೆಂದು ನಾವು ಚೀಟಿ ಎತ್ತಿದೆವು. ಸೈದಮ್ಮನ ಹೆಸರು ಬಂತು. ಕಣ್ಣು ಮುಚ್ಚಿ ನಿಂತವಳು ಚಿತ್ರ ಮುಗಿಯುವಷ್ಟರಲ್ಲಿ ನಿಂತಲ್ಲೇ ನಿದ್ದೆ ಹೋದಳು. ಹೊನ್ನಿ ನಕ್ಕೂ ನಕ್ಕೂ ಸೆರಗು ಬಾಯಿಗೆ ಇಟ್ಟುಕೊಂಡಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಮರುದಿನ ಮೂವರೂ ಗಾಳಿಬಂಡಿ ಹತ್ತಿದರು. ಹನ್ನೊಂದು ದಿನಕ್ಕೊಮ್ಮೆ ಪಟ ಬಿಚ್ಚಿ ಊರಿಂದೂರಿಗೆ ಟಪಾಲು ಒಯ್ಯುವ ಬಂಡಿ ಅದು. ಮೊದಲ ಟಪಾಲಿನಲ್ಲೇ ಹೊನ್ನಿಯ ಕಾಗದ ಬಂತು. "ಅಕ್ಕೋರ, ನಾ ಬೇರಿನ ಪ್ರಶ್ನೆ ಕೇಳಿದೆ. ಹತ್ತೊಂಬತ್ತು ಹುಡುಗ್ರಾಗ ಒಬ್ಬರೂ ಉತ್ತರ ಹೇಳಲಿಲ್ಲ. ಒಬ್ಬಾಕಿ ನನ್ನ ಸೆರಗ ಹಿಡಕೊಂಡು, ನಿಮ್ಮವ್ವ ಎಲ್ಲೈದಾಳ ಅಂತ ಕೇಳಿದ್ಲು. ಇನ್ನೊಬ್ಬ ಕಿಡಕಿ ಹತ್ತಿ ಕುಂತಾನ, ಇಳೀವಲ್ಲ. ಪುಸ್ತಕದಾಗ ಹಿಂಗ ಇಲ್ಲರಿ. ನನ್ನ ಕಡೆನ ಏನರ ತಪ್ಪೈತೇನ್ರಿ?" ತಪ್ಪು ನಿನ್ನದಲ್ಲ ಎಂದು ನಾನು ಬರೆದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಪುಸ್ತಕದ ಮಕ್ಕಳು ಹೇಳಿದ್ದನ್ನು ಹೇಳಲಾಗದವರು ಕೋಣೆಯಲ್ಲಿ ಕಲಿಯುವ ಮಕ್ಕಳಲ್ಲ, ಅಂಥವರ ಹೆಸರು ಕಳಿಸು ಎಂದೂ ಬರೆದೆ. ಅವಳು ಏಳು ಹೆಸರು ಕಳಿಸಿದಳು. ಈ ಏಳು ಮಕ್ಕಳಿಗೆ ಆ ಶಕ್ತಿ ಇಲ್ಲ ಎಂದು ಹಿರಿಯರ ಸಭೆಗೆ ಬರೆದು, ಕೆಳಗೆ ಸಹಿ ಹಾಕಿದೆ. ಅವರನ್ನು ಶಾಲೆಯಿಂದ ಎಬ್ಬಿಸಿ ಮತ್ತೆ ಕಿವಿಗುರು ಕೂರಿಸಿದರು. ಸೆರಗು ಹಿಡಿದವಳೂ ಆ ಏಳರಲ್ಲಿ ಒಬ್ಬಳು.

ನಾಲ್ಕು ತಿಂಗಳ ಹಿಂದೆ ಹೊನ್ನಿಯ ಇನ್ನೊಂದು ಕಾಗದ ಬಂತು. "ದಾಕ್ಷಾಯಣಿ ಅಕ್ಕೋರ ಪುಸ್ತಕದಾಗ ಇಪ್ಪತ್ತೆರಡನೇ ಪಾಠ, ಅದ ಬೇರಿನ ಪಾಠ, ತಗದು ನೋಡ್ರಿ. ಪಾಠ ಮಾಡಿದ್ದು 14-12-2009. ಕೆಳಗ ಮಾರ್ಗದರ್ಶಕರ ಸಹಿ 12-12-2009. ಹುಡುಗ್ರು ಬಾಯಿ ತೆಗೆಯೂಕಿಂತ ಎರಡು ದಿನ ಮೊದ್ಲ ಅವರ ಉತ್ತರ ಎಲ್ಲಿಂದ ಬಂತರಿ? ನಾ ಆ ಏಳು ಮಂದಿಗೆ ಈಗ ಏನಂತ ಹೇಳಲಿ?"

ಟ್ರಂಕು ತೆಗೆದೆ. ಐನೂರ ಅರವತ್ತು ಪಾಠಗಳನ್ನೂ ನೋಡಿದೆ. ಎಲ್ಲದಕ್ಕೂ ಪಾಠಕ್ಕಿಂತ ಮೊದಲೇ ಸಹಿ ಬಿದ್ದಿದೆ. ಬಲಗಡೆಯ ಕಾಲಂ ಮಕ್ಕಳು ಹೇಳಿದ್ದಲ್ಲ. ಹೀಗೆ ಹೇಳಲಿ ಎಂದು ನೀವು ಮುಂಚೆಯೇ ಬರೆದಿಟ್ಟುಕೊಂಡದ್ದು. ಅದನ್ನಾದರೂ ನಿಮ್ಮ ನಿಮ್ಮ ತಲೆಯಿಂದ ಬರೆದಿರಾ? ಅದೂ ಇಲ್ಲ. ಶಂಶಾದಳ ಜೇನುನೊಣಕ್ಕೆ ಎಂಟು ಕಾಲು, ದಾಕ್ಷಾಯಣಿ, ನಿನ್ನದಕ್ಕೂ ಎಂಟು, ಹದಿನಾಲ್ಕೂ ಪುಸ್ತಕಗಳಲ್ಲಿ ಎಂಟೇ. ನಮ್ಮ ಜೇನಿಗೆ ಆರೇ ಕಾಲು, ನಿಮ್ಮ ಕಾಲದ ಜೇನಿಗೆ ಎಂಟು ಕಾಲಿದ್ದವು ಎಂದು ನಾನು ನನ್ನ ಹುಡುಗಿಯರಿಗೆ ಕಲಿಸಿದ್ದೇನೆ. ಒಬ್ಬರದನ್ನೊಬ್ಬರು ನೋಡಿ ಬರೆದಿರಿ, ಮೇಲೊಂದು ಹೂವು ಬರೆದಿರಿ, ಮುಚ್ಚಿಟ್ಟಿರಿ. ನನಗೆ ನೀವು ಕೈ ಕೊಟ್ಟಿರಿ. ಗೊತ್ತಿಲ್ಲದ ಜನ ಕೈ ಕೊಟ್ಟಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ನಿಮ್ಮ ಕಷ್ಟ ಊಹಿಸಬಲ್ಲೆ. ಬಲಗಡೆ ಖಾಲಿ ಇದ್ದರೆ ಆ ಮಾರ್ಗದರ್ಶಕರು ಸಹಿ ಹಾಕುತ್ತಿರಲಿಲ್ಲವೇನೋ. ಸಹಿಯಿಲ್ಲದೆ ಪಾಸಾಗುವುದಿಲ್ಲ, ಪಾಸಾಗದೆ ಕೆಲಸವಿಲ್ಲ. ಇರಲಿ. ಆದರೆ ಆ ಹದಿನಾಲ್ಕನೆಯ ತಾರೀಖು, ಸೋಮವಾರ, ಪಾಠ ಮುಗಿಸಿ ವಾಪಸ್ ಬಂದಿರಲ್ಲ, ಆಗ ನಿಮಗೆ ಎಲ್ಲ ಗೊತ್ತಿತ್ತು. ಯಾವ ಹುಡುಗ ಕಿಟಕಿ ಹತ್ತಿದ, ಯಾವಳು ಬೆಂಚಿನ ಕೆಳಗೆ ತೂರಿದಳು, ನಿಮ್ಮಲ್ಲಿ ಯಾರು ಬಾಯಿ ಒಣಗಿ ಗೋಡೆಗೆ ಒರಗಿ ನಿಂತಿರಿ. ಊಟಕ್ಕೆ ಕೂತು ಅದನ್ನೆಲ್ಲ ಹೇಳಿಕೊಂಡು ನಕ್ಕಿರುತ್ತೀರಿ, ಒಬ್ಬಳಾದರೂ ಅತ್ತಿರುತ್ತಾಳೆ. ನಮಗೆ ಬೇಕಾಗಿದ್ದದ್ದು ಆ ಊಟದ ಹೊತ್ತಿನ ಮಾತು. ಹದಿನಾಲ್ಕು ಜನರಲ್ಲಿ ಒಬ್ಬಳಿಗೂ ಪೆನ್ನು ತೆಗೆದು ಅದನ್ನು ಬರೆದಿಡಬೇಕು ಎನ್ನಿಸಲಿಲ್ಲ.

ಮುಗಿಲವ್ವ, ಸೈದಮ್ಮ ಹೇಗೋ ಶಾಲೆ ನಡೆಸುತ್ತಿದ್ದಾರೆ. ಅವರು ಪುಸ್ತಕವನ್ನು ಮೊದಲ ವಾರವೇ ಬದಿಗಿಟ್ಟರಂತೆ. ನನಗೆ ನೋವಾಗುತ್ತದೆಂದು ಹೇಳಿರಲಿಲ್ಲವಂತೆ. ನಿಮ್ಮನ್ನು ಕೊನೆಯವರೆಗೂ ನಂಬಿದವಳು ಹೊನ್ನಿಯೊಬ್ಬಳೇ. ಗಡುವಿಗೆ ಇನ್ನು ಎರಡು ತಿಂಗಳಿದೆ. ಆ ಏಳು ಮಕ್ಕಳ ಬಗ್ಗೆ ನಾನು ಬರೆದುಕೊಟ್ಟದ್ದು ತಪ್ಪು ಎಂದು ಹಿರಿಯರ ಸಭೆಯಲ್ಲಿ ನಿಂತು ಹೇಳಿದೆ. ಅವರು, ತಾಯಂದಿರು ಒಪ್ಪಿದರೆ ಮಕ್ಕಳು ಬರಲಿ ಎಂದರು. ಹೊನ್ನಿ ಏಳೂ ಮನೆಯ ಬಾಗಿಲಿಗೆ ಹೋದಳು. ನಾಲ್ಕು ಮಕ್ಕಳು ಬಂದವು. ಮೂರು ಮನೆಯವರು ಒಪ್ಪಲಿಲ್ಲ, ಸೆರಗು ಹಿಡಿದವಳ ತಾಯಿ, "ಒಮ್ಮೆ ದಡ್ಡಿ ಅಂತ ಬರದು ಕೊಟ್ರಿ, ಇನ್ನೊಮ್ಮೆ ಏನ ಬರೀತೀರಿ?" ಎಂದು ಬಾಗಿಲು ಹಾಕಿಕೊಂಡಳಂತೆ. ಬಂದು ನಿನ್ನ ಜೊತೆ ನಿಲ್ಲುತ್ತೇನೆ ಎಂದು ನಾನು ಬರೆದೆ. ನಿನ್ನೆಯ ಟಪಾಲಿನಲ್ಲಿ ಉತ್ತರ ಬಂದಿದೆ. ಮೇಲೆ "ಅಕ್ಕೋರ" ಎಂದಿಲ್ಲ, "ಈರಕ್ಕ ಅವರಿಗೆ" ಎಂದಿದೆ. ಕೆಳಗೆ ಒಂದೇ ಸಾಲು: "ನೀವು ಬರೂದು ಬ್ಯಾಡ್ರಿ." ನಿಮ್ಮ ಮೇಲೆ ನನಗೆ ಏನಿದೆಯೋ ಅದೇ ಅವಳಿಗೆ ನನ್ನ ಮೇಲಿದೆ. ಅದನ್ನು ನಾನು ಅಲ್ಲವೆನ್ನಲಾರೆ.

ಜೊತೆಗೆ ಒಂದು ಹಾಳೆ ಇಟ್ಟಿದ್ದಾಳೆ. ಅದೇ ಬೇರಿನ ಪಾಠ. ಎಡಗಡೆಯ ಪ್ರಶ್ನೆಯನ್ನು ಪಾಠಕ್ಕೆ ಮೊದಲು ಬರೆದಿದ್ದಾಳೆ, ಬಲಗಡೆಯದನ್ನು ಆಮೇಲೆ, ಬೇರೆ ಶಾಯಿಯಲ್ಲಿ. "ಗೊತ್ತಿಲ್ರಿ." "ಬಾಯಿಲೆ." "ನಮ್ಮವ್ವ ಕುಡಸ್ತಾಳ." "ಗಿಡಕ್ಕ ನೀರಡಿಕಿ ಆಗಿದ್ದು ನಿಮಗ ಹೆಂಗ ಗೊತ್ತಾತರಿ?" ಕೊನೆಯ ಸಾಲಿನಲ್ಲಿ ಒಂದು ಮಗು ಬೇರಿನ ಮಾತೇ ಆಡಿಲ್ಲ. "ಅಕ್ಕೋರ, ಆ ಮೂರು ಮಂದಿ ಯಾವಾಗ ಬರ್ತಾರ?" ಅದರ ಎದುರು ಎಡಗಡೆ ಹೊನ್ನಿ ಏನೂ ಬರೆದಿಲ್ಲ.

ಈ ಕಾಗದ ನಿಮಗೆ ತಲುಪಲು ದಾರಿ ಇಲ್ಲವೆಂದು ಗೊತ್ತು. ಹೊನ್ನಿಯ ಹಾಳೆಯ ಒಂದು ನಕಲಿನ ಜೊತೆ ಇದನ್ನು ನಿಮ್ಮ ಟ್ರಂಕಿನಲ್ಲೇ ಇಡುತ್ತೇನೆ. ನನ್ನ ನಂತರ ಅದನ್ನು ತೆರೆಯುವವರು ಮೊದಲು ಇದನ್ನು ಓದಲಿ. ನಿಮ್ಮ ಫೋಟೊವನ್ನು ಗೋಡೆಯಿಂದ ಇಳಿಸಬೇಕೆಂದು ಎರಡು ಸಲ ಸ್ಟೂಲು ಹತ್ತಿದೆ, ಎರಡು ಸಲವೂ ಸುಮ್ಮನೆ ಇಳಿದೆ. ಕ್ಷಮಿಸಿದ್ದೇನೆ ಎಂದು ಬರೆಯಲು ಇನ್ನೂ ಕೈ ಬರುತ್ತಿಲ್ಲ. ಬೇರೇನೂ ಬೇಡ, ಒಂದೇ ಒಂದನ್ನು ಹೇಳು ದಾಕ್ಷಾಯಣಿ. ಆ ಸೋಮವಾರ ಬೇರಿನ ಪ್ರಶ್ನೆ ಕೇಳಿದಾಗ, ನಿನ್ನ ಮಕ್ಕಳು ನಿಜವಾಗಿ ಏನಂದರು?

ಈರಕ್ಕ