ಅಮ್ಮನ ಕೋಣೆಯ ಆಂಟೆನಾ ವೈರು

ವಿಲೆ ಪಾರ್ಲೆ,
ಸೋಮವಾರ, ೧೯೯೨

ಚಿ. ನಂಜುಂಡನಿಗೆ,

ಆಶೀರ್ವಾದ ಎಂದಿನಂತೆಯೇ ಇದೆ, ಕೋಪವೂ ಇದೆ.

ಅಮ್ಮ ಹಾಸಿಗೆ ಹಿಡಿದಾಗ ಅವಳ ಕೋಣೆಯಲ್ಲಿ ಟಿ.ವಿ. ಇಟ್ಟವನು ನೀನೇ. ಈಗ ಅದಕ್ಕೆ ಡಿಶ್‌ನ ಕೇಬಲ್ ಹಾಕಿಸಿ, ಟೆರೇಸಿನ ಆಂಟೆನಾದಿಂದ ಬರುತ್ತಿದ್ದ ವೈರನ್ನು ಕೀಳಿಸಿದ್ದೀಯ. ದೂರದರ್ಶನದ ಭಾನುವಾರ ಮಧ್ಯಾಹ್ನದ ಸಿನಿಮಾದಲ್ಲಿ ಕನ್ನಡದ ಸರದಿ ಬರುವುದೇ ಅಪರೂಪ. ಅಮ್ಮ ತಿಂಗಳುಗಟ್ಟಲೆ ಕಾದಿದ್ದಳು. ಅದು ನಿನ್ನೆ ಬಂತು. ನಾನು ಮಲಾಡಿನ ನಿನ್ನ ಮನೆಗೆ ಬಂದಾಗ ಅವಳೆದುರು ಇಂಗ್ಲಿಷ್ ಕುಸ್ತಿ ನಡೆಯುತ್ತಿತ್ತು.

ಕೇಳಿದರೆ ನೀನು ನಕ್ಕೆ. "ಡಿಶ್ ಬಂದ್ಮೇಲೆ ದೂರದರ್ಶನ ಯಾರಕ್ಕಾ ನೋಡ್ತಾರೆ?"

ನೋಡುವವಳು ಪಕ್ಕದಲ್ಲೇ ಮಲಗಿದ್ದಳು. ನೀನು ಹೊರಗೆ ಹೋದ ಮೇಲೆ ನನ್ನ ಕೈ ಹಿಡಿದು ಹೇಳಿದಳು: "ಅವ್ನಿಗೆ ಏನೂ ಅನ್ಬೇಡ ಕಣೇ. ಪಾಪ, ಆಸೆಯಿಂದ ಹಾಕ್ಸಿದಾನೆ. ಕುಸ್ತಿನೂ ಚೆನ್ನಾಗೇ ಇದೆ."

ಬಾಲ್ಕನಿಗೆ ಹೋದರೆ, ಆ ವೈರಿನ ಮೇಲೆ ನಿನ್ನ ಬನಿಯನ್ನುಗಳು ಒಣಗುತ್ತಿದ್ದವು.

ಎರಡು ವೈರನ್ನೂ ಒಂದೇ ಟಿ.ವಿ.ಗೆ ಸೇರಿಸುವ ಚಿಕ್ಕ ಡಬ್ಬಿಯನ್ನು ಇಂದು ದಾದರಿನಿಂದ ತಂದಿದ್ದೇನೆ. ಭಾನುವಾರ ಬರುತ್ತೇನೆ. ಬನಿಯನ್ನುಗಳಿಗೆ ಬೇರೆ ಹಗ್ಗವನ್ನೂ ತರುತ್ತೇನೆ.

ಈ ಪತ್ರದ ವಿಷಯ ಅಮ್ಮನಿಗೆ ಹೇಳಬೇಡ. ನಿನಗೆ ಏನೂ ಅನ್ನುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟಿದ್ದೇನೆ.

ನಿನ್ನ ಅಕ್ಕ,
ಶಾಮಲಾ