ಹದಿನಾರನೇ ದಿನದ ಗ್ಲಾಸು

ಘಣಸೋಲಿ, ನವಿ ಮುಂಬಯಿ
ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ

ಲತೇಶ,

‘ಪ್ರೀತಿಯ’ ಎಂದು ಬರೆಯಲು ಹೋಗಿ ಕೈ ತಡೆದೆ. ಪ್ರೀತಿ ಕಡಿಮೆಯಾಯಿತೆಂದಲ್ಲ. ಈಗೀಗ ನಿನ್ನನ್ನು ನೆನೆದರೆ ಭಯವೂ ಆಗುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಹೇಗೆ ಬರೆಯಬೇಕೆಂದು ತಿಳಿಯದೆ ಬರೀ ಹೆಸರು ಬರೆದಿದ್ದೇನೆ.

ನೀನು ಹೋಗಿ ಇವತ್ತಿಗೆ ಐವತ್ತೆಂಟು ದಿನ. ನೀನು ಕೊನೆಯ ಸಲ ಬಿಯರ್ ಹಾಕಿಟ್ಟ ಡ್ರಮ್ಮು ಚಿಕ್ಕ ಕೋಣೆಯ ಮೂಲೆಯಲ್ಲಿ ನಿನ್ನ ನೀಲಿ ಲುಂಗಿ ಸುತ್ತಿಕೊಂಡು ಕೂತಿದೆ. ಹತ್ತು ದಿನಕ್ಕೆ ಸುಮ್ಮನಾಗಬೇಕಾಗಿದ್ದದ್ದು ಇನ್ನೂ ಗುಳುಕ್ ಗುಳುಕ್ ಎನ್ನುತ್ತಿದೆ. ನಮ್ಮ ಸೌಜನ್ಯ ಜುಲೈ ತಿಂಗಳಲ್ಲಿ ಹದಿನಾಲ್ಕು ಕಿಲೋ ಇದ್ದಳು. ಮೊನ್ನೆ ತೂಗಿದಾಗ ಹನ್ನೆರಡಕ್ಕೂ ಕಡಿಮೆ. ನಾಲ್ಕು ವರ್ಷದ ಮಗು. ಹನ್ನೊಂದು ಗಂಟೆಗೆ ಡೊಂಬಿವಲಿಯಿಂದ ನಿನ್ನ ಚೆನ್ನಯ ಮಾವ ಬರುತ್ತಾರೆ, ಡ್ರಮ್ಮನ್ನು ಖಾಲಿ ಮಾಡುತ್ತೇವೆ. ಅದಕ್ಕೆ ಮೊದಲು ನಾನು ಮಾಡಿದ ಒಂದು ಕೆಲಸವನ್ನು ನಿನಗೆ ಹೇಳಬೇಕು. ನಿನ್ನ ಅಮ್ಮನಿಗೆ ನಿನ್ನೆ ಹೇಳಿಯಾಯಿತು.

ಮನೆಯಲ್ಲೇ ಬಿಯರ್ ಮಾಡುವ ಈ ಹುಚ್ಚನ್ನು ನಿನಗೆ ಹಿಡಿಸಿದವನು ಕಲ್ಯಾಣದ ನಿನ್ನ ಗೆಳೆಯ ಜಯೇಶ್. ಅವನ ಮನೆಯಲ್ಲಿ ಒಂದು ಲೋಟ ಕುಡಿದು ಬಂದವನು ಮರುದಿನವೇ ಆನ್‌ಲೈನಿನಲ್ಲಿ ಸಾಮಾನು ತರಿಸಿದೆ. ಇಪ್ಪತ್ತು ಲೀಟರಿನ ಡ್ರಮ್ಮು, ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರಲು ಮುಚ್ಚಳದ ಮೇಲೆ ಸಿಕ್ಕಿಸುವ, ನೀರು ತುಂಬಿದ ಬಾಗಿದ ಕೊಳವೆ, ಮಾಲ್ಟಿನ ಪಾಕ, ಕಹಿ ವಾಸನೆಯ ಹಸಿರು ಹಾಪ್ಸ್ ಗುಳಿಗೆ, ಚಿಟಿಕೆಯಷ್ಟು ಯೀಸ್ಟು. ಮಾಜಿವಾಡಾದ ಬಾರಿನಲ್ಲಿ ದಿನವಿಡೀ ಬಾಟಲಿಗಳ ನಡುವೆ ನಿಲ್ಲುವ ಮ್ಯಾನೇಜರಿಗೆ ಮನೆಯಲ್ಲೂ ಅದೇ ಬೇಕಾ ಎಂದು ನಾನು ರೇಗಿಸಿದ್ದೆ. ‘ಬಾಟ್ಲಿ ಓಪನ್ ಮಾಡುದು ಬೇರೆ ಮಾರಾಯ್ತಿ, ಇದಕ್ಕೆ ಜೀವ ಬರುದನ್ನು ನೋಡುದು ಬೇರೆ’ ಎಂದಿದ್ದೆ ನೀನು. ಚೆನ್ನಯ ಮಾವ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಿದ್ದರು. ‘ನಿನ್ನ ಅಜ್ಜ ತಾಳೆಮರ ಹತ್ತಿ ಕಳ್ಳು ಇಳಿಸ್ತಿದ್ರು. ನೀನು ಲಿಫ್ಟಲ್ಲಿ ಪಾರ್ಸೆಲ್ ಹತ್ತಿಸಿದ್ದಿ!’

ಮೊದಲ ಸಲ ಅಡುಗೆಮನೆಯನ್ನು ನೀನು ಮಾಡಿದ ಅವಸ್ಥೆ ಮರೆಯುವ ಹಾಗಿಲ್ಲ. ಒಂದು ಗಂಟೆ ಕುದಿಸಿದ್ದನ್ನು ಬೇಗ ತಣಿಸಬೇಕೆಂದು ಮಾರ್ಕೆಟಿನ ಮೀನಿನವಳಿಂದ ಐಸ್ ತಂದು, ಟಬ್ಬಿನಲ್ಲಿ ಸುರಿದು, ಪಾತ್ರೆಯನ್ನು ಅದರಲ್ಲಿ ಇಟ್ಟೆ. ಆ ಐಸ್ ಕರಗಿದ ನೀರು ಒಳಗೆ ಸಿಡಿದು, ಎರಡು ವಾರದ ನಂತರ ನಾವು ಕುಡಿದದ್ದು ಬಂಗುಡೆಯ ವಾಸನೆಯ ಬಿಯರು. ಎರಡನೆಯದು ಹುಳಿಯಾಯಿತು, ಯಾಕೆಂದರೆ ನೀನು ದಿನಕ್ಕೆ ಮೂರು ಸಲ ಮುಚ್ಚಳ ತೆಗೆದು ಇಣುಕುತ್ತಿದ್ದೆ. ಮೂರನೆಯದು ಸರಿಬಂತು. ಆಮೇಲೆ ನಿನ್ನ ಉಪದೇಶ ಶುರು. ಮೊದಲನೇ ಪಾಠ ತೊಳೆಯುವುದು, ಎರಡನೇ ಪಾಠ ತೊಳೆಯುವುದು. ಮೂರನೆಯದು, ರುಚಿ ನೋಡಲು ಹೊರಗೆ ತೆಗೆದದ್ದನ್ನು ಯಾವ ಕಾರಣಕ್ಕೂ ಮತ್ತೆ ಒಳಗೆ ಸುರಿಯಬಾರದು. ಹೊರಗಿನ ಗಾಳಿ ಮುಟ್ಟಿದ್ದು ಒಳಗೆ ಹೋದರೆ ಏನು ಬೆಳೆಯುತ್ತದೆಂದು ಹೇಳಲು ಬರುವುದಿಲ್ಲ ಎನ್ನುತ್ತಿದ್ದೆ. ಕಂಪನಿಯಲ್ಲಿ ಬೇರೆಯವರ ತಪ್ಪು ಹುಡುಕುವುದೇ ಕೆಲಸವಾಗಿರುವ ನನಗೆ ಈ ನಿಯಮ ಬಹಳ ಹಿಡಿಸಿತ್ತು.

ಆಗಸ್ಟಿನ ಆ ಶನಿವಾರ ಬೆಳಿಗ್ಗೆ ಯೀಸ್ಟು ಹಾಕಿ, ಮುಚ್ಚಳ ಬಿಗಿದು, ಬೆಳಕು ತಾಗದಿರಲೆಂದು ಲುಂಗಿ ಸುತ್ತಿ, ಸೌಜನ್ಯಳ ಕೆನ್ನೆ ಹಿಂಡಿ ಡ್ಯೂಟಿಗೆ ಹೊರಟೆ. ಮಳೆ ಇತ್ತು. ಸಂಜೆ ಆರಕ್ಕೆ ಫೋನು ಬಂತು. ಹೈವೇಯ ನೀರು ತುಂಬಿದ ಗುಂಡಿಯಲ್ಲಿ ನಿನ್ನ ಬೈಕು ಬಿದ್ದಿತ್ತು. ನಾನು ತಲುಪುವಾಗ ನೀನು ಇರಲಿಲ್ಲ. ಮರುದಿನ ಎಲ್ಲ ಮುಗಿಸಿ ಮನೆಗೆ ಬಂದಾಗ ಕೊಳವೆಯಲ್ಲಿ ಗುಳ್ಳೆ ಏಳುತ್ತಿತ್ತು. ನಿನ್ನ ಕೈಯಿಂದ ಬಿದ್ದ ಯೀಸ್ಟು ಒಳಗೆ ಕೆಲಸ ಮಾಡುತ್ತಲೇ ಇತ್ತು. ಒಂಬತ್ತನೇ ದಿನಕ್ಕೆ ಅದೂ ನಿಂತಿತು. ಅವತ್ತು ನಾನು ಅತ್ತಷ್ಟು ಮಸಣದಲ್ಲೂ ಅತ್ತಿರಲಿಲ್ಲ.

ಹದಿನಾರನೇ ದಿನ ನಿಮ್ಮ ತುಳುನಾಡಿನ ಪದ್ಧತಿಯಂತೆ ನಿನಗೆ ಬಡಿಸಿದೆವು. ಬೆಂಗಳೂರಿನವಳಾದ ನನಗೆ ಇದೆಲ್ಲ ಹೊಸತು. ಸತ್ತವರನ್ನು ನೀವು ಕುಲೆ ಎನ್ನುತ್ತೀರಿ, ಕುಲೆಗೆ ಇಷ್ಟದ್ದನ್ನೆಲ್ಲ ಎಲೆಯಲ್ಲಿ ಬಡಿಸಿ ಕರೆಯುತ್ತೀರಿ ಎಂದು ಅವತ್ತೇ ತಿಳಿದದ್ದು. ಚಿಕ್ಕ ಕೋಣೆಯಲ್ಲಿ ಎಲೆ ಹಾಕಿ ಅತ್ತೆ ಕೋಳಿ ಸುಕ್ಕ, ನೀರುದೋಸೆ, ಹುರಿದ ಮೀನು ಬಡಿಸಿದರು. ಕುಡಿಯಲು ಏನಿಡುವುದು ಎಂದಾಗ ನಾನೇ ಹೇಳಿದೆ, ಅವನ ಕೈಯದ್ದೇ ಇರಲಿ ಎಂದು. ಡ್ರಮ್ಮಿನ ನಲ್ಲಿಯಿಂದ ಒಂದು ಗ್ಲಾಸು ತುಂಬಿಸಿ ಎಲೆಯ ಪಕ್ಕದಲ್ಲಿಟ್ಟೆ. ಚೆನ್ನಯ ಮಾವ ನಿನ್ನ ಹೆಸರು ಹಿಡಿದು ಕರೆದರು. ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಹಾಲ್‌ನಲ್ಲಿ ಕೂತೆವು. ಸ್ವಲ್ಪ ಹೊತ್ತಿನ ನಂತರ ಮಾವ ಮೂರು ಸಲ ಬಾಗಿಲು ತಟ್ಟಿ ತೆರೆದರು. ಗ್ಲಾಸು ಎರಡು ಬೆರಳಿನಷ್ಟು ಇಳಿದಿತ್ತು. ‘ಮುಟ್ಟಿದ್ದಾನೆ’ ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕುಲೆ ಮುಟ್ಟಿದ ಪಾನ ಮನೆಯೊಳಗೆ ಉಳಿಯಬಾರದಂತೆ. ಹಾಲು ಬರುವ ಮರದ ಬುಡಕ್ಕೆ ಸುರಿದು, ನಿನ್ನ ದಾರಿ ನಿನಗೆ ಎಂದು ಕಳಿಸಿಕೊಡಬೇಕಂತೆ. ಹೆಂಡತಿಯೇ ಸುರಿಯಲಿ ಎಂದರು ಮಾವ. ‘ಗೇಟಿನ ಹತ್ರ ಅತ್ತಿಮರ ಉಂಟಲ್ಲ, ಅಲ್ಲಿಗೆ ತಕ್ಕೊಂಡು ಹೋಗು ಮಗಾ. ಹಿಂದೆ ತಿರುಗಿ ನೋಡ್ಬೇಡ.’ ಎಲ್ಲರೂ ಊಟಕ್ಕೆ ಎಲೆ ಹಾಕುವ ಗಡಿಬಿಡಿಯಲ್ಲಿದ್ದರು. ನಾನು ಗ್ಲಾಸು ಹಿಡಿದುಕೊಂಡು ಕೋಣೆಯಲ್ಲೇ ನಿಂತೆ. ನಿನ್ನ ತುಟಿ ತಾಗಿದ್ದನ್ನು ಸೊಸೈಟಿಯ ನಾಯಿಗಳು ತಿರುಗುವ ಮಣ್ಣಿಗೆ ಸುರಿಯುವುದೇ? ಡ್ರಮ್ಮಿನ ಮುಚ್ಚಳ ತೆಗೆದೆ. ಉಳಿದದ್ದನ್ನು ಅದರೊಳಗೆ ಸುರಿದು ಮುಚ್ಚಿದೆ. ಖಾಲಿ ಗ್ಲಾಸು ಹಿಡಿದು ಕೆಳಗೆ ಹೋಗಿ, ಮರದ ಹತ್ತಿರ ಒಂದು ನಿಮಿಷ ನಿಂತು ಬಂದೆ. ಮಾವ ‘ಆಯ್ತಾ?’ ಎಂದರು. ಆಯ್ತು ಎಂದೆ.

ಇದು ಕೈತಪ್ಪಿ ಆದದ್ದಲ್ಲ, ಲತೇಶ. ಗೊತ್ತಿದ್ದೇ ಮಾಡಿದ್ದು. ನಿನ್ನ ನಿಯಮ, ಮಾವನ ನಿಯಮ, ಎರಡೂ ಗೊತ್ತಿದ್ದವು.

ಅವತ್ತೇ ಮಧ್ಯಾಹ್ನ ಮೂರು ಗಂಟೆಗೆ, ಏಳು ದಿನದಿಂದ ಸುಮ್ಮನಿದ್ದ ಕೊಳವೆಯಲ್ಲಿ ಒಂದು ಗುಳ್ಳೆ ಎದ್ದಿತು. ನಾನು ಉಸಿರು ಹಿಡಿದು ಕಾದೆ. ಇನ್ನೊಂದು ಬಂತು. ನನಗಾದ ಸಂತೋಷ ಎಂಥದ್ದೆಂದು ಹೇಗೆ ಹೇಳಲಿ! ಮರುದಿನದಿಂದ ಲ್ಯಾಪ್‌ಟಾಪನ್ನು ಆ ಕೋಣೆಗೇ ಒಯ್ದೆ. ನಾನು ಮಾತಾಡಿದರೆ ಗುಳ್ಳೆ ಬೇಗ ಬೇಗ ಏಳುತ್ತಿತ್ತು, ಸುಮ್ಮನಾದರೆ ನಿಧಾನವಾಗುತ್ತಿತ್ತು. ಆಫೀಸಿನ ಜಗಳ, ಸೊಸೈಟಿಯ ನೀರಿನ ಗಲಾಟೆ, ಎಲ್ಲ ನಿನಗೆ ಹೇಳುತ್ತಿದ್ದೆ. ಬದುಕಿದ್ದಾಗಲೂ ನೀನು ಇಷ್ಟು ಗಮನವಿಟ್ಟು ಕೇಳಿರಲಿಲ್ಲ ಎಂದು ಒಮ್ಮೆ ಬೈದೆ ಕೂಡ. ಹೊರಗೆ ಯಾರಿಗೂ ಹೇಳಲಿಲ್ಲ.

ಸೌಜನ್ಯ ಯಾವಾಗ ಒಳಗೆ ಬರಲು ಶುರುಮಾಡಿದಳೋ ನಾನು ಗಮನಿಸಲಿಲ್ಲ. ಪ್ಲೇಗ್ರೂಪಿನಿಂದ ಬಂದವಳೇ ಡ್ರಮ್ಮಿಗೆ ಕಿವಿಯಿಟ್ಟು ಕೂರುತ್ತಿದ್ದಳು. ಅನ್ನ ಬಿಟ್ಟಳು, ಬಾಳೆಹಣ್ಣು ಬಿಟ್ಟಳು. ‘ಭೂಕ್ ನಹೀ ಹೈ ಮಮ್ಮಾ.’ ಹಸಿವೇ ಇಲ್ಲವಂತೆ. ಡಾಕ್ಟರು ರಕ್ತ ನೋಡಿದರು, ಹೊಟ್ಟೆ ನೋಡಿದರು, ಎಲ್ಲ ಸರಿಯಿದೆ, ಅಪ್ಪನನ್ನು ನೆನೆಯುತ್ತಿದ್ದಾಳೆ ಅಷ್ಟೆ ಎಂದರು. ಅವಳ ವಿಷಯ ನಿನಗೆ ಗೊತ್ತು. ಅತ್ತೆ ತುಳುವಿನಲ್ಲಿ ಎಷ್ಟು ಮಾತಾಡಿಸಿದರೂ ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುವವಳು. ಹದಿನೈದು ದಿನದ ಹಿಂದೆ ಊಟಕ್ಕೆ ಕರೆದಾಗ ಡ್ರಮ್ಮಿನ ಪಕ್ಕದಿಂದ ಏಳದೆ, ‘ಪಪ್ಪಗ್ ಬಡವಾಪುಂಡುಗೆ’ ಎಂದಳು. ಪಪ್ಪನಿಗೆ ಹಸಿವಾಗುತ್ತಿದೆಯಂತೆ. ಅಡುಗೆಮನೆಯಲ್ಲಿ ಅತ್ತೆಯ ಕೈಯಿಂದ ಸೌಟು ಬಿತ್ತು. ಈ ಮನೆಯಲ್ಲಿ ಅವರಿಗೆ ಅಷ್ಟು ಅಚ್ಚ ತುಳುವಿನಲ್ಲಿ ಉತ್ತರ ಕೊಡುತ್ತಿದ್ದವನು ನೀನೊಬ್ಬನೇ.

ಜಯೇಶ್‌ಗೆ ಫೋನ್ ಮಾಡಿ ಕರೆಸಿದೆ. ಸೆಕೆಗೆ ಹೀಗಾಗುತ್ತದೆ, ಬೇರೆ ಯೀಸ್ಟು ಸೇರಿರಬಹುದು ಎಂದೆಲ್ಲ ಹೇಳುತ್ತಲೇ ಒಳಗೆ ಬಂದ. ನಲ್ಲಿಯಿಂದ ಸ್ವಲ್ಪ ತೆಗೆದು ಸಕ್ಕರೆ ಅಳೆಯುವ ಗಾಜಿನ ಅಳತೆಕಡ್ಡಿಯನ್ನು ತೇಲಿಬಿಟ್ಟು ನೋಡಿದ. ಮತ್ತೊಮ್ಮೆ ನೋಡಿದ. ‘ಅತ್ತಿಗೆ, ಇದ್ರಲ್ಲಿ ಶುಗರ್ ಪೂರಾ ಖತಮ್. ಯೀಸ್ಟಿಗೆ ತಿನ್ಲಿಕ್ಕೆ ಏನೂ ಇಲ್ಲ’ ಎಂದ. ಹಾಗಾದರೆ ಏನು ತಿಂದು ಬದುಕಿದೆ ಎಂದು ಕೇಳಿದೆ. ಅವನು ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಸೌಜನ್ಯಳ ಸೊರಗಿದ ಕೈಗಳನ್ನು ನೋಡಿದ. ಚಹಾ ಕುಡಿಯದೆ ಹೊರಟ. ಅಳತೆಕಡ್ಡಿಯನ್ನು ಇಲ್ಲೇ ಬಿಟ್ಟು ಹೋಗಿದ್ದಾನೆ, ಮೂರು ಸಲ ಹೇಳಿದರೂ ತೆಗೆದುಕೊಂಡು ಹೋಗಲು ಬಂದಿಲ್ಲ.

ಗುರುವಾರ ಮಧ್ಯಾಹ್ನ ನಾನು ಹಾಲ್‌ನಲ್ಲಿ ಮೀಟಿಂಗ್ ಮುಗಿಸಿ ಚಿಕ್ಕ ಕೋಣೆಗೆ ಬಂದಾಗ ಸೌಜನ್ಯ ಡ್ರಮ್ಮನ್ನು ತಬ್ಬಿಕೊಂಡು ಮಲಗಿದ್ದಳು. ಲುಂಗಿಯ ತುದಿ ಅವಳ ಮಣಿಕಟ್ಟಿಗೆ ಎರಡು ಸುತ್ತು ಬಿಗಿದಿತ್ತು. ಬಿಸಿಲು ಕಿಟಕಿಯಿಂದ ನೇರ ಅವಳ ಮೇಲೆ ಬೀಳುತ್ತಿತ್ತು, ಅವಳ ಪಾದ ಮಾತ್ರ ತಣ್ಣಗಿತ್ತು. ಅವಳು ಉಸಿರು ಬಿಟ್ಟಾಗ ಒಂದು ಗುಳ್ಳೆ. ಎಳೆದುಕೊಂಡಾಗ ಇಲ್ಲ. ಬಿಟ್ಟಾಗ ಮತ್ತೊಂದು. ನನ್ನ ಕಸುಬಿನ ಬುದ್ಧಿ ನೋಡು, ಎತ್ತಿಕೊಳ್ಳುವ ಬದಲು ಫೋನಿನ ಗಡಿಯಾರ ಹಿಡಿದು ಎಣಿಸಿದೆ. ನಿಮಿಷಕ್ಕೆ ಹದಿನೆಂಟು ಉಸಿರು, ಹದಿನೆಂಟು ಗುಳ್ಳೆ. ಆಮೇಲೆ ಅವಳ ಉಸಿರು ಹದಿನಾಲ್ಕಕ್ಕೆ ಇಳಿಯಿತು, ಗುಳ್ಳೆ ಹದಿನೆಂಟೇ ಉಳಿಯಿತು. ಲುಂಗಿಯನ್ನು ಬಿಡಿಸಲು ನನ್ನ ಹಲ್ಲು ಬೇಕಾಯಿತು. ಅವಳನ್ನು ಎತ್ತಿಕೊಂಡು ಹಾಲ್‌ಗೆ ಓಡಿದೆ. ಕೊಳವೆ ನಿಂತಿತು, ಮಗು ಕಿಟಾರನೆ ಕಿರುಚಿ ಅತ್ತಿತು. ಅಂದಿನಿಂದ ಆ ಕೋಣೆಗೆ ಬೀಗ. ಗುಳ್ಳೆಯ ಸದ್ದು ಹೊರಗಿನಿಂದ ಕೇಳುತ್ತದೆ. ಮೊದಲಿನಷ್ಟು ಜೋರಿಲ್ಲ, ಆದರೆ ಅವಳು ಬಾಗಿಲ ಹತ್ತಿರ ಹಾದುಹೋದಾಗಲೆಲ್ಲ ಎರಡು ಸಲ ಬೇಗ ಬೇಗ.

ನಿನ್ನೆ ಅತ್ತೆಯ ಕಾಲಬಳಿ ಕೂತು ಗ್ಲಾಸಿನ ವಿಷಯ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ‘ನೀನು ಅವನನ್ನು ಅರ್ಧ ಊಟದಲ್ಲಿ ಕೂರಿಸಿದ್ದಿ ಇಂಚರಾ. ಏಳ್ಲಿಕ್ಕೂ ಆಗುದಿಲ್ಲ, ಹೊಟ್ಟೆ ತುಂಬುದೂ ಇಲ್ಲ’ ಎಂದರು. ಅವನು ಮಗಳಿಗೆ ಕೆಟ್ಟದ್ದು ಮಾಡುತ್ತಾನೆಯೇ ಎಂದು ಕೇಳಿದೆ. ‘ನನ್ನ ಮಗ ಕೆಟ್ಟವ ಅಲ್ಲ. ಹಸಿದವನಿಗೆ ಮಗಳು ಯಾರು ಹೆಂಡತಿ ಯಾರು ಅಂತ ಗೊತ್ತಾಗುದಿಲ್ಲ, ಅಷ್ಟೇ.’ ಹೇಳಿ ಮುಗಿಸಿ ಅವರೇ ಚೆನ್ನಯ ಮಾವನಿಗೆ ಫೋನ್ ಹಚ್ಚಿದರು.

ಈಗ ಅಡುಗೆಮನೆಯಲ್ಲಿ ಸುಕ್ಕದ ಮಸಾಲೆ ಹುರಿಯುವ ವಾಸನೆ. ಹನ್ನೊಂದಕ್ಕೆ ಮತ್ತೆ ಎಲೆ ಹಾಕುತ್ತೇವೆ, ಈ ಸಲ ಹೊಟ್ಟೆತುಂಬ. ಆಮೇಲೆ ಡ್ರಮ್ಮನ್ನು ಲಿಫ್ಟಿನಲ್ಲಿ ಇಳಿಸಿ ಅತ್ತಿಮರದ ಬುಡಕ್ಕೆ ಒಯ್ದು ನಲ್ಲಿ ತಿರುಗಿಸಬೇಕು. ಸುರಿದವಳೇ ತಿರುಗಿಸಬೇಕಂತೆ. ತಳದಲ್ಲಿ ಉಳಿಯುವ ಯೀಸ್ಟಿನ ಗಸಿಯನ್ನು ಸ್ವಲ್ಪ ಬಾಟಲಿಯಲ್ಲಿ ತೆಗೆದಿಟ್ಟರೆ ಮುಂದಿನ ಸಲಕ್ಕೆ ಆಗುತ್ತದೆ ಎಂದು ನೀನು ಕಲಿಸಿಕೊಟ್ಟಿದ್ದೆ. ಆ ಯೋಚನೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಒಂದು ಬಾಟಲಿಯನ್ನು ತೊಳೆದು ಒಣಗಲಿಟ್ಟಿದ್ದೆ. ಈ ಕಾಗದ ಬರೆಯಲು ಕೂರುವ ಮೊದಲು ಅದನ್ನು ಒಡೆದು ಕಸಕ್ಕೆ ಹಾಕಿದೆ.

ಹಸಿವಾಗಿದೆ ಎಂದು ನೀನು ನನಗೆ ಹೇಳಬೇಕಿತ್ತು. ಇಷ್ಟು ದಿನ ಪಕ್ಕದಲ್ಲೇ ಕೂತಿದ್ದೆನಲ್ಲ. ನನ್ನನ್ನು ಕೇಳಿದ್ದರೆ ಕೊಡುತ್ತಿದ್ದೆ, ಎರಡನೇ ಸಲ ಯೋಚಿಸದೆ ಕೊಡುತ್ತಿದ್ದೆ. ಅವಳನ್ನು ಕೊಡುವುದಿಲ್ಲ. ನಿನಗಾದರೂ ಕೊಡುವುದಿಲ್ಲ.

ನಾವು ಯಾರನ್ನೂ ಬರೀ ‘ಹೋಗು’ ಎಂದು ಬಾಗಿಲಿನಿಂದ ಕಳಿಸುವವರಲ್ಲ. ಹಾಲಿನವನಿಗೂ ‘ಹೋಗಿ ಬಾ’ ಎನ್ನುತ್ತೇವೆ. ಏಳು ವರ್ಷ ನಿನಗೂ ಅದನ್ನೇ ಹೇಳಿದ್ದೇನೆ. ಇವತ್ತು ಮರದ ಕೆಳಗೆ ಅರ್ಧ ಮಾತು ಮಾತ್ರ ಹೇಳಬೇಕು. ಬಾಯಿ ಅಭ್ಯಾಸಬಲದಿಂದ ಉಳಿದರ್ಧವನ್ನೂ ಹೇಳಿಬಿಟ್ಟೀತೆಂದು ಇಲ್ಲಿ ಮೊದಲೇ ಬರೆದು ರೂಢಿ ಮಾಡಿಕೊಳ್ಳುತ್ತಿದ್ದೇನೆ.

ನಿನ್ನ ಹೊಟ್ಟೆ ತುಂಬಲಿ. ನಿನ್ನ ದಾರಿಯಲ್ಲಿ ಬೆಳಕಿರಲಿ.

ಹೋಗು, ಲತೇಶ.

ಹೋಗು.

ಸೌಜನ್ಯಳ ಅಮ್ಮ,
ಇಂಚರ