ಉಗುರುಸುತ್ತು

ಕಾಪು
೧೨-೧೧-೧೯೮೧

ಮಗಳು ವಾರಿಜಳಿಗೆ ಅಮ್ಮ ಮಾಡುವ ಆಶೀರ್ವಾದ.

ಐದು ವರ್ಷದ ನಂತರ ನನ್ನ ಅಕ್ಷರ ಕಂಡು ಗಾಬರಿಯಾಗಬೇಡ ಎಂದು ಬರೆಯಬೇಕೆಂದಿದ್ದೆ. ಹಾಗೆ ಬರೆಯಲಾರೆ. ವಿಳಾಸ ಕೊಟ್ಟವಳು ನಿನ್ನ ನಾದಿನಿ ಪ್ಯಾಟ್ರಿಶಿಯಾ. ಮೀನು ಕೊಳ್ಳಲು ಬಂದಾಗ ನಾನೇ ಕೇಳಿ ತೆಗೆದುಕೊಂಡೆ. ನೀನು ಅಲೋಶಿಯಸರನ್ನು ಮದುವೆಯಾಗಿ ಬೊಂಬಾಯಿಗೆ ಹೋದಂದಿನಿಂದ ನಿನ್ನ ಅಪ್ಪ ಈ ಮನೆಯಲ್ಲಿ ನಿನ್ನ ಹೆಸರು ಎತ್ತಿದವರಲ್ಲ, ಎತ್ತಲು ಬಿಟ್ಟವರೂ ಅಲ್ಲ.

ಅವರ ವಿಷಯವೇ ಬರೆಯುವುದು. ಮಳೆಗಾಲ ಮುಗಿದು ದೋಣಿ ನೀರಿಗಿಳಿದ ಹೊಸತರಲ್ಲಿ ಅವರ ಬಲಗೈಯ ಹೆಬ್ಬೆರಳು ಊದಿ ಕೆಂಪಾಯಿತು. ಮೀನಿನ ಮುಳ್ಳು ಚುಚ್ಚಿರಬೇಕು ಎಂದುಕೊಂಡೆವು. ಆಮೇಲೆ ಉಗುರುಸುತ್ತು ಎಂದು ನಾನೇ ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಕ್ಕಿಸಿದೆ. ನೋವು ಜಗ್ಗಲಿಲ್ಲ. ಪೇಟೆಯ ಡಾಕ್ಟರು ಕೀವು ತೆಗೆಯಲು ಕೊಯ್ದರೆ ಕೀವೇ ಇಲ್ಲ, ಬರೀ ರಕ್ತ. ಮಣಿಪಾಲಕ್ಕೆ ಹೋಗಿ ಎಂದು ಅವರೇ ಚೀಟಿ ಬರೆದುಕೊಟ್ಟರು.

ಜೊತೆಗೆ ನಾನೂ ನಿನ್ನ ಚಿಕ್ಕಪ್ಪ ಧರ್ಮಪಾಲನೂ ಹೋದೆವು. ಅಲ್ಲಿನ ಡಾಕ್ಟರು ಚಿಕ್ಕ ಪ್ರಾಯದವರು. ಕೈಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನಮಗೂ ತೋರಿಸಿದರು. ಉಳಿದ ಬೆರಳುಗಳ ತುದಿಯಲ್ಲೆಲ್ಲ ಬಿಳಿ ಎಲುಬು ಉಂಟು. ಹೆಬ್ಬೆರಳಿನ ತುದಿಯಲ್ಲಿ ಎಲುಬೇ ಇಲ್ಲ, ಗೆದ್ದಲು ತಿಂದ ಹಾಗೆ. ಡಾಕ್ಟರು ಅದನ್ನು ಮೇಜಿನ ಮೇಲಿಟ್ಟರು. ಮತ್ತೆ ಕೇಳಿದರು, "ನಿಮಗೆ ಕೆಮ್ಮು ಉಂಟಾ?"

ನಿನ್ನ ಅಪ್ಪ ನಕ್ಕುಬಿಟ್ಟರು. "ಎಂತ ಡಾಕ್ಟ್ರೇ, ಬೆರಳು ತೋರಿಸ್ಲಿಕ್ಕೆ ಬಂದ್ರೆ ಕೆಮ್ಮು ಕೇಳ್ತೀರಿ! ಬೀಡಿ ಸೇದುವವನಿಗೆ ಕೆಮ್ಮು ಇಲ್ಲದೆ ಇರ್ತದಾ?"

ಎದೆಯ ಫೋಟೋ ತೆಗೆದರು. ಬೆರಳಿನಿಂದ ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ರಿಪೋರ್ಟು ಬಂದ ದಿನ ಅವರನ್ನು ಹೊರಗೆ ಬೆಂಚಿನಲ್ಲಿ ಕೂರಿಸಿ ನಮ್ಮಿಬ್ಬರನ್ನು ಒಳಗೆ ಕರೆದರು.

"ಅಮ್ಮ, ಈ ಗಡ್ಡೆ ಬೆರಳಿನಲ್ಲಿ ಹುಟ್ಟಿದ್ದಲ್ಲ. ಶ್ವಾಸಕೋಶದಲ್ಲಿ ಕ್ಯಾನ್ಸರ್ ಉಂಟು. ಅಲ್ಲಿಂದ ಬಂದು ಎಲುಬಿನಲ್ಲಿ ಕೂತಿದೆ. ಹೀಗೆ ಬೆರಳಿಗೆ ಬರುವುದು ಅಪರೂಪ. ಬಂದ ಮೇಲೆ ನಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ."

ಕೈಯನ್ನೇ ಕತ್ತರಿಸಿದರೆ ಎಂದು ಧರ್ಮಪಾಲ ಕೇಳಿದ. ಬೆರಳು ತೆಗೆದರೆ ನೋವು ಹೋದೀತು, ಕೈ ತೆಗೆದರೂ ಕಾಯಿಲೆ ಹೋಗದು ಎಂದರು. ಬರುವ ಮಳೆಗಾಲ ಕಾಣುವುದು ಕಷ್ಟವಂತೆ.

ಬೆರಳು ತೆಗೆದರು. ಎಲುಬಿಗೆ ಕೀವು ಇಳಿದಿತ್ತು, ಈಗ ಗುಣವಾಯಿತು ಎಂದು ಅವರಿಗೆ ಹೇಳಿದೆವು. ನಂಬಿದರು. ಬರುವಾಗ ಬಸ್ಸಿನಲ್ಲಿ ಪಕ್ಕದವನಿಗೆ ಬ್ಯಾಂಡೇಜು ತೋರಿಸಿ, "ಒಂದು ಹೆಬ್ಬೆರಳು ಹೋಯ್ತು ಮಾರಾಯ, ಬಲೆ ಎಳೀಲಿಕ್ಕೆ ಎಡದ್ದು ಉಂಟಲ್ಲ" ಎಂದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಈಗ ಅನ್ನ ಸೇರುವುದಿಲ್ಲ. ಬೆನ್ನಿನಲ್ಲಿ ನೋವು ಎನ್ನುತ್ತಾರೆ. ಅಂಗಿ ಹೆಗಲಿನಿಂದ ಜಾರುತ್ತದೆ. ಆದರೂ ದಿನಾ ದಡಕ್ಕೆ ಹೋಗಿ ಬಲೆಯ ಹಗ್ಗಕ್ಕೆ ಕೈ ಹಾಕುತ್ತಾರೆ. ಅವರ ಪಾಲಿನ ಭಾರವನ್ನೂ ಉಳಿದವರೇ ಎಳೆಯುತ್ತಾರೆ, ಅವರಿಗೆ ಗೊತ್ತಾಗದ ಹಾಗೆ.

ನೀನು ಬಾ ಮಗಾ. ಅಲೋಶಿಯಸರನ್ನೂ ಕರೆದುಕೊಂಡು ಬಾ. ಬಾಗಿಲಲ್ಲಿ ನಿಲ್ಲಿಸಿದರೆ ನಾನೂ ನಿನ್ನ ಜೊತೆ ಹೊರಗೆ ನಿಲ್ಲುತ್ತೇನೆ. ಬೈಯಲಿಕ್ಕಾದರೂ ಅವರಿಗೆ ಉಸಿರಿರುವಾಗ ಬಾ.

ನಿನ್ನ ಅಮ್ಮ,
ಸುಂದರಿ

ತಾ.ಕ.: ಲಕೋಟೆ ಅಂಟಿಸಲು ಹೊರಟಾಗ ನಿನ್ನ ಅಪ್ಪ ಬಂದು, ಯಾರಿಗೆ ಎಂದು ಕೇಳಿದರು. ಸುಳ್ಳು ಬಾಯಿಗೆ ಬರಲಿಲ್ಲ, ವಾರಿಜಳಿಗೆ ಎಂದೆ. ಸಿಟ್ಟಾಗಲಿಲ್ಲ. ಜಗಲಿಯಲ್ಲಿ ಕೂತು, ಕೆಮ್ಮು ನಿಂತ ಮೇಲೆ, "ಅವಳಿಗೆ ಬರ್ಲಿಕ್ಕೆ ಹೇಳ್ಬೇಡ. ಅವಳು ಬಂದ್ರೆ ನಾನು ಉಳಿಯುದಿಲ್ಲ ಅಂತ ಖಂಡಿತ ಆಗ್ತದೆ. ಈಗ ಅರ್ಧ ಸಂಶಯ ಉಂಟು. ಅದಾದ್ರೂ ಇರ್ಲಿ" ಎಂದರು. ಬಾ ಎಂದು ಬರೆದದ್ದನ್ನು ನಾನು ಹೊಡೆದು ಹಾಕಲಿಲ್ಲ. ಇನ್ನೊಮ್ಮೆ ಬರೆಯುವ ಧೈರ್ಯವೂ ಇಲ್ಲ.